ಎಷ್ಟು ಗಾಳಿ ಹಾಕಲಿ, ಅಕ್ಕಾ?

ಭಾನುವಾರದ ಬೆಳಗ್ಗೆ. ಟಿ. ನರಸೀಪುರದಲ್ಲಿ ಹತ್ತಿರದ ಸಂಬಂಧಿಕರ ಮನೆಯ ನಿಕಾಹ್. ನಂಜನಗೂಡಿನಿಂದ ಹೊರಟಿದ್ದೀರಿ. ಮುಂದೆ ನೀವು ಮತ್ತು ಯಜಮಾನರು, ಹಿಂದೆ ಅತ್ತೆ, ನಾದಿನಿ, ಅವರ ನಡುವೆ ಮಕ್ಕಳು. ಡಿಕ್ಕಿಯಲ್ಲಿ ಬಟ್ಟೆಯ ಸೂಟ್‌ಕೇಸು, ಮದುಮಗಳಿಗೆ ಕೊಡಲು ತಂದ ಪಾತ್ರೆಯ ಸೆಟ್ಟು, ಜೊತೆಗೆ ಅತ್ತೆಯವರು ಬಿಡದೆ ಹಾಕಿಸಿದ ಎರಡು ಗೊನೆ ರಸಬಾಳೆ. ಪೆಟ್ರೋಲ್ ಬಂಕಿನಲ್ಲಿ ಗಾಳಿಯ ಪೈಪು ಹಿಡಿದ ಹುಡುಗ ಕಿಟಕಿಯ ಬಳಿ ಬಂದು ಕೇಳುತ್ತಾನೆ: "ಎಷ್ಟು ಹಾಕ್ಲಿ, ಅಕ್ಕಾ?"

ನೀವು ಯಜಮಾನರ ಮುಖ ನೋಡುತ್ತೀರಿ. ಅವರು ಫೋನಿನಿಂದ ತಲೆಯೆತ್ತದೆ, "ನಾರ್ಮಲ್ ಎಷ್ಟೋ ಅಷ್ಟು ಹಾಕಪ್ಪಾ" ಎನ್ನುತ್ತಾರೆ. ಹುಡುಗ ತನಗೆ ತೋಚಿದಷ್ಟು ಹಾಕುತ್ತಾನೆ. ಕಾರು ಹೊರಡುತ್ತದೆ. ಎಲ್ಲರೂ ಬಿಸ್ಮಿಲ್ಲಾಹ್ ಹೇಳಿ ಪ್ರಯಾಣದ ದುಆ ಓದುತ್ತೀರಿ.

ಸಹೋದರಿಯರೇ, ಆ "ನಾರ್ಮಲ್" ಎಂದರೆ ಎಷ್ಟು? ಉಪ್ಪು, ಖಾರದ ಅಳತೆ ಒಂದು ಚಿಟಿಕೆ ಹೆಚ್ಚು ಕಡಿಮೆಯಾದರೆ ಊಟದ ಮೇಜಿನಲ್ಲಿ ಹತ್ತು ಮಾತು ಕೇಳುವ ನಾವು, ಮಕ್ಕಳ ಜೀವವನ್ನು ಹೊತ್ತು ಓಡುವ ಚಕ್ರದ ಅಳತೆಯನ್ನು ಮಾತ್ರ ಯಾರೋ ಒಬ್ಬ ಹುಡುಗನ ಅಂದಾಜಿಗೆ ಬಿಟ್ಟುಬಿಡುತ್ತೇವೆ.

ಒಂದು ಮಧ್ಯಾಹ್ನದ ಪಾಠ

ಈ ವಿಷಯವನ್ನು ಬರೆಯಲು ಕುಳಿತದ್ದಕ್ಕೆ ಕಾರಣವಿದೆ. ಹಲವು ವರ್ಷ ಕಾರು ಓಡಿಸಿದ ಮೇಲೂ ನಾನು "ನಾರ್ಮಲ್ ಹಾಕಪ್ಪಾ" ಎನ್ನುವವಳೇ ಆಗಿದ್ದೆ. ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ ಇದೇ ದಾರಿಯಲ್ಲಿ, ಸುತ್ತೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಎಡಗಡೆಯ ಟೈರು ಪಟಾಕಿ ಸಿಡಿದಂತೆ ಸಿಡಿಯಿತು. ಕಾರು ಬಲಕ್ಕೂ ಎಡಕ್ಕೂ ಓಲಾಡಿ ಗದ್ದೆಯ ಬದಿಗೆ ಬಂದು ನಿಂತಿತು. ಎದುರಿನಿಂದ ಆ ಗಳಿಗೆಯಲ್ಲಿ ಯಾವ ವಾಹನವೂ ಬರಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿದ್ದ ಮಗು ರಾತ್ರಿಯಿಡೀ ಬೆಚ್ಚಿ ಬೆಚ್ಚಿ ಎದ್ದದ್ದನ್ನು ನಾನು ಇಂದಿಗೂ ಮರೆತಿಲ್ಲ.

ಪಂಕ್ಚರ್ ಅಂಗಡಿಯ ವಯಸ್ಸಾದ ಚಾಚಾ ಟೈರು ಬಿಚ್ಚಿ ಒಳಗೆ ಕೈಯಾಡಿಸಿ ತೆಗೆದರು. ಅಂಗೈ ತುಂಬ ಕರೀ ಹಿಟ್ಟಿನಂತಹ ರಬ್ಬರಿನ ಪುಡಿ. "ನೋಡಮ್ಮಾ, ಇದು ಮೊಳೆ ಚುಚ್ಚಿ ಹೋದದ್ದಲ್ಲ. ಕಡಿಮೆ ಗಾಳಿಯಲ್ಲಿ ಬಹಳ ದಿನ ಓಡಿಸಿದ್ದೀರಿ. ಒಳಗೊಳಗೇ ಬೆಂದು ಹೋಗಿದೆ" ಎಂದರು. ಹಳೆಯ ಟೈರು ಎಂದೋ ಕೆಟ್ಟ ರಸ್ತೆ ಎಂದೋ ದೂರಲು ಸಿದ್ಧಳಾಗಿದ್ದ ನನಗೆ ಮಾತೇ ಹೊರಡಲಿಲ್ಲ. ತಪ್ಪು ನನ್ನದೇ ಆಗಿತ್ತು.

ಭಾರ ಹೊರುವುದು ರಬ್ಬರಲ್ಲ, ಗಾಳಿ

ಕಾರಿನ ಭಾರವನ್ನು ಟೈರಿನ ರಬ್ಬರು ಹೊರುತ್ತದೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಹೊರುವುದು ಒಳಗೆ ತುಂಬಿರುವ ಗಾಳಿ. ರಬ್ಬರು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ.

ಸಣ್ಣ ಲೆಕ್ಕ ಮಾಡೋಣ. ಒಂದು ಸಾವಿರ ಕಿಲೋ ತೂಕದ ಕಾರು ಎಂದಿಟ್ಟುಕೊಳ್ಳಿ. ಒಂದೊಂದು ಚಕ್ರದ ಪಾಲಿಗೆ 250 ಕಿಲೋ. ಟೈರಿನ ಒಳಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ ಒತ್ತಡವಿದ್ದರೆ, ನೆಲಕ್ಕೆ ತಾಗುವ ಜಾಗ ಹತ್ತಿರಹತ್ತಿರ 110 ಚದರ ಸೆಂಟಿಮೀಟರು. ಅಂದರೆ ನಿಮ್ಮ ಅಂಗೈಯಷ್ಟು! ನಾಲ್ಕು ಅಂಗೈಗಳಷ್ಟು ಜಾಗದ ಮೇಲೆ ನಿಮ್ಮ ಇಡೀ ಸಂಸಾರ ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ. ಬ್ರೇಕು ಹಿಡಿಯುವುದೂ ತಿರುವಿನಲ್ಲಿ ಕಾರು ಜಾರದಿರುವುದೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ.

ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಮಡಚಿ ಬಿಚ್ಚುತ್ತದೆ. ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಬಿಸಿಯಾಗಿ ಕೊನೆಗೆ ತುಂಡಾಗುವುದಿಲ್ಲವೇ? ಅದೇ ಕತೆ. ಬೇಸಿಗೆಯ ಕಾದ ಡಾಂಬರು, ತುಂಬಿದ ಕಾರು, ವೇಗ, ಈ ಮೂರೂ ಸೇರಿದರೆ ಟೈರು ಸಿಡಿಯುತ್ತದೆ. ಗಾಳಿ ಹೆಚ್ಚಾದರೂ ಕ್ಷೇಮವಲ್ಲ. ಆಗ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ಹಿಡಿತ ತಗ್ಗುತ್ತದೆ, ಬ್ರೇಕು ಹಾಕಿದರೆ ಕಾರು ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ, ಗುಂಡಿಗೆ ಬಿದ್ದಾಗ ಟೈರಿಗೂ ನಿಮ್ಮ ಬೆನ್ನಿಗೂ ಪೆಟ್ಟು.

ನಿಮ್ಮ ಟೈರನ್ನು ಒಮ್ಮೆ ಬಗ್ಗಿ ನೋಡಿ. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಬಹುಕಾಲ ಗಾಳಿ ಕಡಿಮೆಯಿತ್ತು. ನಡುಭಾಗ ಸವೆದು ಅಂಚು ಉಳಿದಿದ್ದರೆ ಹೆಚ್ಚಾಗಿತ್ತು. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.

ಸರಿಯಾದ ಸಂಖ್ಯೆ ಎಲ್ಲಿದೆ?

ಸಂತೋಷದ ಸಂಗತಿಯೆಂದರೆ ಉತ್ತರ ನಿಮ್ಮ ಕಾರಿನಲ್ಲೇ ಬರೆದಿದೆ. ಚಾಲಕನ ಬಾಗಿಲು ತೆರೆಯಿರಿ. ಬಾಗಿಲು ಬಂದು ಕೂರುವ ಕಂಬದ ಮೇಲೆ ಒಂದು ಚಿಕ್ಕ ಚೀಟಿ ಅಂಟಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿರುತ್ತದೆ. ಅಲ್ಲೂ ಅಳಿಸಿಹೋಗಿದ್ದರೆ ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಇದ್ದೇ ಇರುತ್ತದೆ.

ಆ ಚೀಟಿಯಲ್ಲಿ ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಬೇರೆಬೇರೆ ಬರೆದಿರಬಹುದು. ಬಹಳಷ್ಟು ಕಾರುಗಳಲ್ಲಿ ಇಬ್ಬರು ಮೂವರು ಕುಳಿತಾಗ ಒಂದು ಸಂಖ್ಯೆ, ಕಾರು ತುಂಬಿ ಸಾಮಾನೂ ಇದ್ದಾಗ ಇನ್ನೊಂದು ಸಂಖ್ಯೆ ಇರುತ್ತದೆ. ದಿನವೂ ಮಕ್ಕಳನ್ನು ಶಾಲೆಗೆ ಬಿಡುವಾಗ ಮೊದಲನೆಯದು. ಮದುವೆಗೆ ಹೊರಟಾಗ ಎರಡನೆಯದು. ನಮ್ಮಲ್ಲಿ ಹೆಚ್ಚಿನವರಿಗೆ ಈ ಎರಡನೆಯ ಸಂಖ್ಯೆ ಇರುವುದೇ ಗೊತ್ತಿಲ್ಲ.

ಎಷ್ಟೋ ಮಂದಿ ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೇ ನೋಡಿ ಅಷ್ಟು ತುಂಬಿಸುತ್ತಾರೆ. ಅದು ತಪ್ಪು. ಅದು ಆ ಟೈರು ತಡೆಯಬಲ್ಲ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಬೇಕಾದದ್ದಲ್ಲ. ಅಕ್ಕಿ ಚೀಲದ ಮೇಲೆ 50 ಕಿಲೋ ಎಂದು ಬರೆದಿದ್ದರೆ ದಿನವೂ ಅಷ್ಟನ್ನೇ ಬೇಯಿಸುತ್ತೇವೆಯೇ?

ಚೀಟಿಯಲ್ಲಿನ ಅಳತೆಯ ಹೆಸರು ಕೆಲವೊಮ್ಮೆ ಗೊಂದಲ ಮಾಡುತ್ತದೆ. ಬಂಕಿನ ಮೀಟರು ಪಿಎಸ್‌ಐ ತೋರಿಸುತ್ತದೆ, ಚೀಟಿಯಲ್ಲಿ ಕಿಲೋಪಾಸ್ಕಲ್ ಅಥವಾ ಬಾರ್ ಇರುತ್ತದೆ. ಹೀಗೆ ಬರೆದಿಟ್ಟುಕೊಳ್ಳಿ: 200 ಕಿಲೋಪಾಸ್ಕಲ್ ಎಂದರೆ 29 ಪಿಎಸ್‌ಐ, 220 ಎಂದರೆ 32, 230 ಎಂದರೆ 33, 240 ಎಂದರೆ 35, 250 ಎಂದರೆ 36. ಬಾರ್ ಇದ್ದರೆ ಹದಿನಾಲ್ಕೂವರೆಯಿಂದ ಗುಣಿಸಿ. 2.2 ಬಾರ್ ಎಂದರೆ ಸುಮಾರು 32 ಪಿಎಸ್‌ಐ.

ನಾಲ್ಕು ಪಿಎಸ್‌ಐ ವ್ಯತ್ಯಾಸದ ಬೆಲೆ

"ಅಯ್ಯೋ, ನಾಲ್ಕೈದು ಹೆಚ್ಚುಕಡಿಮೆಯಾದರೆ ಏನಾಯಿತು?" ಎಂದು ನೀವು ಕೇಳಬಹುದು. ಅಮೆರಿಕದಲ್ಲಿ 2000ನೇ ಇಸವಿಯ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪೆನಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಕುಟುಂಬದ ವಾಹನಕ್ಕೆ ಹಾಕಿದಂಥವು. ಓಡುವಾಗಲೇ ಟೈರಿನ ಮೇಲ್ಪದರ ಕಿತ್ತುಬಂದು ವಾಹನಗಳು ಮಗುಚಿ ಬೀಳುತ್ತಿದ್ದವು. 270ಕ್ಕೂ ಹೆಚ್ಚು ಸಾವುಗಳನ್ನು ಅಲ್ಲಿನ ಸರ್ಕಾರ ಈ ಟೈರುಗಳೊಂದಿಗೆ ಜೋಡಿಸಿತು. ಟೈರಿನ ತಯಾರಿಕೆಯ ದೋಷ, ವಾಹನದ ವಿನ್ಯಾಸ ಎಂದು ಎರಡು ಕಂಪೆನಿಗಳೂ ಪರಸ್ಪರ ದೂರಿದವು. ಆ ಜಗಳದಲ್ಲಿ ಮತ್ತೆ ಮತ್ತೆ ಬಂದ ಒಂದು ಮಾತು ಗಾಳಿಯದು. ಫೋರ್ಡ್ ಹೇಳಿದ್ದು 26 ಪಿಎಸ್‌ಐ, ಫೈರ್‌ಸ್ಟೋನ್ ಬೇಕೆಂದದ್ದು 30. ಅದೇ ವರ್ಷ ಅಲ್ಲಿ ಹೊಸ ಕಾನೂನು ಬಂತು. ಗಾಳಿ ಕಡಿಮೆಯಾದರೆ ಚಾಲಕನ ಎದುರಿಗೆ ದೀಪ ಹೊತ್ತುವ ಸಾಧನ, ಟಿಪಿಎಂಎಸ್, ಮುಂದೆ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು.

ನಮ್ಮ ದೇಶದಲ್ಲೂ ಈಗ ಅನೇಕ ಕಾರುಗಳಲ್ಲಿ ಆ ದೀಪವಿದೆ. ಕುದುರೆಲಾಳದಂಥ ಆಕಾರದೊಳಗೆ ಆಶ್ಚರ್ಯಸೂಚಕ ಚಿಹ್ನೆ ಕಂಡರೆ ಅದೇ. ಅದು ಹೊತ್ತಿಕೊಂಡರೆ ಅಲಂಕಾರವೆಂದು ಬಿಡಬೇಡಿ. ಗಾಳಿ ಸಾಕಷ್ಟು ಇಳಿದ ಮೇಲೆಯೇ ಅದು ಹೊತ್ತುವುದು. ಆದ್ದರಿಂದ ದೀಪವಿದ್ದರೂ ಮೀಟರು ಹಿಡಿದು ನೋಡುವುದು ತಪ್ಪುವುದಿಲ್ಲ.

ಇನ್ನು ಹಣದ ಲೆಕ್ಕ. ನಾಲ್ಕೂ ಟೈರಿನಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ಮೈಲೇಜು ಶೇಕಡ 0.2ರಷ್ಟು ಇಳಿಯುತ್ತದೆಂದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಹತ್ತು ಪಿಎಸ್‌ಐ ಕಡಿಮೆಯಿದ್ದರೆ ನೂರು ರೂಪಾಯಿ ಪೆಟ್ರೋಲಿನಲ್ಲಿ ಎರಡು ರೂಪಾಯಿ ವ್ಯರ್ಥ. ಸಣ್ಣದೆನಿಸಬಹುದು. ಆದರೆ ಅವಧಿಗೆ ಮೊದಲೇ ಸವೆದುಹೋದ ನಾಲ್ಕು ಟೈರುಗಳ ಬೆಲೆ ಸೇರಿಸಿ ನೋಡಿ. ದುಂದು ಮಾಡಬಾರದೆಂಬ ನಮ್ಮ ಧರ್ಮದ ಬೋಧನೆ ಊಟದ ತಟ್ಟೆಗೆ ಮಾತ್ರ ಸೀಮಿತವಲ್ಲವಲ್ಲ.

ಬೆಳಗಿನ ಟೈರೇ ಸತ್ಯ ಹೇಳುತ್ತದೆ

ಚೀಟಿಯಲ್ಲಿರುವ ಸಂಖ್ಯೆ ತಣ್ಣಗಿರುವ ಟೈರಿನದು. ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಅಥವಾ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಫಜ್ರ್ ನಮಾಝ್ ಮುಗಿಸಿ, ಬಿಸಿಲೇರುವ ಮುನ್ನ ನೋಡುವುದು ಎಲ್ಲಕ್ಕಿಂತ ಉತ್ತಮ.

ಓಡಿದ ಟೈರಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಮೈಸೂರಿನಿಂದ ನಂಜನಗೂಡಿಗೆ ಬಂದು ಮೀಟರು ಹಿಡಿದರೆ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸಬಹುದು. "ಜಾಸ್ತಿಯಾಗಿದೆ, ತೆಗೆದುಬಿಡಿ" ಎಂದು ಆಗ ಗಾಳಿ ಬಿಡಿಸಬೇಡಿ. ಬಿಡಿಸಿದರೆ ಮರುದಿನ ಬೆಳಗ್ಗೆ ಟೈರು ಸೊರಗಿರುತ್ತದೆ. ಹವಾಮಾನಕ್ಕೂ ಟೈರು ಸ್ಪಂದಿಸುತ್ತದೆ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ತುಂಬಿಸಿ ಮರೆತ ಟೈರು ಡಿಸೆಂಬರಿನ ಚಳಿಗೆ ಕಡಿಮೆಯಾಗಿರುತ್ತದೆ. ಅದಲ್ಲದೆ ಏನೂ ತೊಂದರೆಯಿಲ್ಲದ ಟೈರು ಕೂಡ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ತಾನಾಗಿಯೇ ಕಳೆದುಕೊಳ್ಳುತ್ತದೆ.

ಮನೆಯಿಂದ ಬಂಕು ಐದಾರು ಕಿಲೋಮೀಟರ್ ದೂರವಿದ್ದರೆ ಏನು ಮಾಡುವುದು? ಕೆಲವು ನೂರು ರೂಪಾಯಿಗೆ ಸಿಗುವ ಒಂದು ಪುಟ್ಟ ಗೇಜು ಕೊಂಡು ಮನೆಯಲ್ಲಿಟ್ಟುಕೊಳ್ಳಿ. ಬೆಳಗ್ಗೆ ಮನೆಯಲ್ಲೇ ನೋಡಿ. ಬೇಕಾದದ್ದು 33, ಇರುವುದು 28 ಎಂದರೆ ಕೊರತೆ 5. ಬಂಕಿಗೆ ಹೋಗುವಷ್ಟರಲ್ಲಿ ಬಿಸಿಯಾಗಿ ಅದೇ ಟೈರು 31 ತೋರಿಸಬಹುದು. ಆಗ ಆ 31ಕ್ಕೆ 5 ಸೇರಿಸಿ 36 ಹಾಕಿಸಿ. ಮರುದಿನ ಬೆಳಗ್ಗೆ ತಣ್ಣಗಾದಾಗ ನಿಮ್ಮ ಗೇಜಿನಲ್ಲಿ 33ರ ಆಸುಪಾಸಿಗೆ ಬಂದಿರುತ್ತದೆ. ಬಂದಿಲ್ಲವಾದರೆ ಒಂದೆರಡು ಹೆಚ್ಚುಕಡಿಮೆ ಮಾಡಿ ಸರಿಪಡಿಸಿಕೊಳ್ಳಿ.

ನೋಡುವ ವಿಧಾನ ಸುಲಭ. ವಾಲ್ವಿನ ಟೋಪಿ ಬಿಚ್ಚಿ ಕಿಸೆಗೆ ಹಾಕಿಕೊಳ್ಳಿ. ಗೇಜನ್ನು ನೇರವಾಗಿ ಒತ್ತಿ. 'ಸುಯ್' ಎನ್ನುವುದು ನಿಂತ ಮೇಲೆ ಓದಿ. ಮುಗಿದ ಮೇಲೆ ವಾಲ್ವಿನ ಬಾಯಿಗೆ ಒಂದು ಹನಿ ಸೋಪಿನ ನೀರು ಹಾಕಿ. ಗುಳ್ಳೆ ಬಂದರೆ ಸೋರುತ್ತಿದೆ ಎಂದರ್ಥ. ಟೋಪಿಯನ್ನು ಮರೆಯದೆ ತಿರುಗಿಸಿ. ಧೂಳು, ಕೆಸರು ಒಳಗೆ ಹೋಗದಂತೆ ಕಾಯುವುದು ಅದೇ. ತಿಂಗಳಿಗೊಮ್ಮೆ ಮತ್ತು ದೂರ ಪ್ರಯಾಣಕ್ಕೆ ಮುನ್ನ ಇದಿಷ್ಟು ಮಾಡಲು ಹತ್ತು ನಿಮಿಷ ಸಾಕು.

ನೈಟ್ರೋಜನ್ ಹಾಕಿಸಬೇಕೇ ಎಂದು ಅನೇಕ ಸಹೋದರಿಯರು ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ಅಷ್ಟೇ. ಹಣ ಕೊಟ್ಟು ಹಾಕಿಸಿ ಆರು ತಿಂಗಳು ಮರೆಯುವುದಕ್ಕಿಂತ ಸಾಧಾರಣ ಗಾಳಿ ಹಾಕಿಸಿ ತಿಂಗಳಿಗೊಮ್ಮೆ ನೋಡುವುದು ಮೇಲು. ಪೆಟ್ರೋಲ್ ಬಂಕುಗಳಲ್ಲಿ ಗಾಳಿ ಮತ್ತು ಕುಡಿಯುವ ನೀರು ಉಚಿತವಾಗಿ ಸಿಗಬೇಕೆಂಬುದು ತೈಲ ಕಂಪೆನಿಗಳ ನಿಯಮ. ಕೇಳಲು ಸಂಕೋಚ ಬೇಡ.

ಮರೆತುಹೋದ ಐದನೆಯದು

ಡಿಕ್ಕಿಯ ತಳದಲ್ಲಿ ಮಲಗಿರುವ ಸ್ಟೆಪ್ನಿಯನ್ನು ಕೊನೆಯ ಬಾರಿ ನೋಡಿದ್ದು ಯಾವಾಗ? ಅವಶ್ಯಕತೆ ಬಿದ್ದಾಗ ತೆಗೆದು ನೋಡಿದರೆ ಅದೂ ಚಪ್ಪಟೆ! ಅದಕ್ಕೂ ತಿಂಗಳಿಗೊಮ್ಮೆ ಗಾಳಿ ನೋಡಿ. ಈಗಿನ ಹಲವು ಕಾರುಗಳಲ್ಲಿ ಸ್ಟೆಪ್ನಿ ಸಣಕಲಾಗಿರುತ್ತದೆ. ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ಮತ್ತು ಅದನ್ನು ಹಾಕಿಕೊಂಡು 80 ಕಿಲೋಮೀಟರಿಗಿಂತ ವೇಗವಾಗಿ ಹೋಗಬಾರದು. ಎಷ್ಟೆಂಬುದನ್ನು ಅದರ ಮೇಲೆಯೇ ಬರೆದಿರುತ್ತಾರೆ. 2020ರ ತಿದ್ದುಪಡಿಯ ನಂತರ ಟಿಪಿಎಂಎಸ್ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಹಾಗಾಗಿ ನಿಮ್ಮ ಕಾರಿನಲ್ಲಿ ಏನಿದೆ ಎಂದು ಮೊದಲೇ ತಿಳಿದುಕೊಳ್ಳಿ.

ಟೈರಿನ ವಯಸ್ಸನ್ನೂ ನೋಡಿ. ಪಕ್ಕೆಯ ಮೇಲೆ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ 2019ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು. ನಮ್ಮ ನಿಯಮದಂತೆ ಟೈರಿನ ಗೀರುಗಳು ಕನಿಷ್ಠ 1.6 ಮಿಲಿಮೀಟರ್ ಆಳವಿರಬೇಕು. ಮಳೆಗಾಲದಲ್ಲಿ ಬೋಳು ಟೈರು ನೀರಿನ ಮೇಲೆ ತೇಲಿದಂತೆ ಜಾರುತ್ತದೆ. ಗಾಳಿ ಎಷ್ಟೇ ಸರಿಯಿದ್ದರೂ ಬೋಳು ಟೈರನ್ನು ಅದು ಕಾಪಾಡಲಾರದು.

ಈ ರಸ್ತೆಗಳು, ಈ ಜೀವಗಳು

ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಟಿ. ನರಸೀಪುರದ ಮೂಲಕ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ನಮ್ಮ ಭಾಗದ ಜೀವನಾಡಿ. ಅದೇ ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು, ಕೇರಳದ ಲಾರಿಗಳು, ಜಾತ್ರೆಗೆ ಹೋಗುವ ಭಕ್ತರು, ತಲಕಾಡಿಗೆ ಹೊರಟ ಪ್ರವಾಸಿಗರು. ಸುಗ್ಗಿಯಲ್ಲಿ ಒಳರಸ್ತೆಗಳ ಮೇಲೆ ಹುರುಳಿ, ರಾಗಿ ಒಕ್ಕಣೆ. 2023ರ ಮೇ 29ರಂದು ಟಿ. ನರಸೀಪುರ ತಾಲೂಕಿನ ಕುರುಬೂರು ಬಳಿ ಖಾಸಗಿ ಬಸ್ಸು ಮತ್ತು ಇನ್ನೋವಾ ಕಾರು ಮುಖಾಮುಖಿಯಾಗಿ ಬಳ್ಳಾರಿ ಕಡೆಯ ಹತ್ತು ಪ್ರವಾಸಿಗರು, ಮಕ್ಕಳೂ ಸೇರಿ, ಪ್ರಾಣ ಕಳೆದುಕೊಂಡರು. ಅಲ್ಲಿ ಟೈರಿನ ತಪ್ಪಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಎದುರುಬದುರು ವಾಹನ ಓಡುವ ಇಂಥ ರಸ್ತೆಯಲ್ಲಿ ಕಾರು ಒಂದು ಗಳಿಗೆ ಹತೋಟಿ ತಪ್ಪಿದರೆ ಏನಾಗಬಹುದೆಂದು ಆ ದಿನ ಇಡೀ ನಾಡು ಕಂಡಿತು.

ಓಡುವಾಗ ಟೈರು ಸಿಡಿದರೆ ಗಾಬರಿಯಿಂದ ಬ್ರೇಕನ್ನು ಒತ್ತಿ ಹಿಡಿಯಬೇಡಿ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕಾರನ್ನು ನೇರವಾಗಿಡಿ. ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಿರಿ. ವೇಗ ತಾನಾಗಿ ತಗ್ಗಿದ ಮೇಲೆ ಎಡಬದಿಗೆ ತಂದು ನಿಲ್ಲಿಸಿ, ಅಪಾಯದ ದೀಪ ಹಾಕಿ. ಮಕ್ಕಳನ್ನು ರಸ್ತೆಯ ಕಡೆಗಲ್ಲದ ಬಾಗಿಲಿನಿಂದ ಇಳಿಸಿ ದೂರ ನಿಲ್ಲಿಸಿ. ಐದು ಮಂದಿಯ ಕಾರಿನಲ್ಲಿ ಏಳೆಂಟು ಮಂದಿ ತುಂಬುವ ನಮ್ಮ ಮದುವೆ ಸೀಸನ್ನಿನ ಅಭ್ಯಾಸಕ್ಕೆ ಯಾವ ಗಾಳಿಯ ಲೆಕ್ಕವೂ ಪರಿಹಾರವಲ್ಲ. ಅದನ್ನು ನಾವೇ ಬಿಡಬೇಕು.

ಒಂಟೆಯನ್ನು ಮೊದಲು ಕಟ್ಟಿ

ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಲೇ, ಬಿಟ್ಟು ಭರವಸೆಯಿಡಲೇ ಎಂದು ಕೇಳಿದ ವ್ಯಕ್ತಿಗೆ, ಮೊದಲು ಕಟ್ಟಬೇಕೆಂದು ಪ್ರವಾದಿ(ಸ) ತಿಳಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಮದ್ರಸಾದಲ್ಲಿ ಕಲಿತಿದ್ದೇವೆ, ಮಕ್ಕಳಿಗೂ ಹೇಳಿದ್ದೇವೆ. ಆದರೆ ಇಂದಿನ ನಮ್ಮ ಒಂಟೆ ಯಾವುದು? ಅಂಗಳದಲ್ಲಿ ನಿಂತಿರುವ ಕಾರೇ ಅಲ್ಲವೇ? ಟೈರು ನೋಡದೆ ದುಆ ಓದಿ ಹೊರಡುವುದು ಹಗ್ಗವಿಲ್ಲದ ಒಂಟೆಯನ್ನು ಮರುಭೂಮಿಯಲ್ಲಿ ಬಿಟ್ಟಂತೆ. ದಾರಿಯಿಂದ ಮುಳ್ಳು ಕಲ್ಲು ತೆಗೆಯುವುದನ್ನೂ ಪುಣ್ಯಕರ್ಮವೆಂದು ಕಲಿಸಿದ ಧರ್ಮ ನಮ್ಮದು. ನಮ್ಮ ನಿರ್ಲಕ್ಷ್ಯದಿಂದ ನಮ್ಮ ವಾಹನವೇ ಎದುರಿನವರಿಗೆ ಮುಳ್ಳಾಗದಿರಲಿ.

"ಇದೆಲ್ಲ ಗಂಡಸರ ಕೆಲಸ" ಎನ್ನುವ ಕಾಲ ಮುಗಿಯಿತು. 2018ರ ಜೂನ್‌ನಲ್ಲಿ ಸೌದಿ ಅರೇಬಿಯಾದಲ್ಲೂ ಮಹಿಳೆಯರು ಕಾರಿನ ಸ್ಟೇರಿಂಗ್ ಹಿಡಿದರು. ನಮ್ಮೂರಿನಲ್ಲಿ ಹಿಜಾಬ್ ಧರಿಸಿ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಸಹೋದರಿಯರು ದಿನವೂ ಕಾಣುತ್ತಾರೆ. ನೀವು ಕಾರು ಓಡಿಸದಿದ್ದರೂ ಚಿಂತೆಯಿಲ್ಲ, ಗೇಜು ಹಿಡಿಯಲು ಲೈಸೆನ್ಸ್ ಬೇಕಿಲ್ಲ. ಗಾಳಿ ತುಂಬಿದ ಟೈರನ್ನು ಮನೆಮನೆಗೆ ತಂದವರಲ್ಲಿ ಒಬ್ಬರಾದ ಡನ್‌ಲಪ್, ಬೆಲ್‌ಫಾಸ್ಟ್ ನಗರದ ಒಬ್ಬ ಪಶುವೈದ್ಯ. ಮಗನ ಮೂರುಚಕ್ರದ ಸೈಕಲ್ಲು ಕುಲುಕದಿರಲೆಂದು ಮಾಡಿದ ಪ್ರಯೋಗಕ್ಕೆ 1888ರಲ್ಲಿ ಪೇಟೆಂಟ್ ಪಡೆದರು. ಮಗುವಿನ ಮೇಲಿನ ಅಕ್ಕರೆಯಿಂದ ಉರುಳತೊಡಗಿದ ಆ ಚಕ್ರವನ್ನು ಮಕ್ಕಳಿಗಾಗಿಯೇ ಜೋಪಾನ ಮಾಡುವುದು ತಾಯಂದಿರಿಗೆ ಹೊಸ ಕೆಲಸವೇನಲ್ಲ.

ಇವತ್ತೇ ಬಾಗಿಲು ತೆರೆದು ಆ ಚೀಟಿ ಓದಿ. ಎರಡು ಸಂಖ್ಯೆಗಳನ್ನು ಒಂದು ಕಾಗದದಲ್ಲಿ ಬರೆದು, ಡ್ಯಾಶ್‌ಬೋರ್ಡಿನ ಬಳಿ ಪ್ರಯಾಣದ ದುಆ ಅಂಟಿಸಿದ್ದೀರಲ್ಲ, ಅದರ ಕೆಳಗೇ ಅಂಟಿಸಿ. ಮುಂದಿನ ಸಲ ಬಂಕಿನ ಹುಡುಗ "ಎಷ್ಟು ಹಾಕ್ಲಿ, ಅಕ್ಕಾ?" ಎಂದು ಕೇಳಿದಾಗ ಯಜಮಾನರ ಮುಖ ನೋಡಬೇಕಿಲ್ಲ. "ಮುಂದೆ ಇಷ್ಟು, ಹಿಂದೆ ಇಷ್ಟು. ಸ್ಟೆಪ್ನಿಯನ್ನೂ ನೋಡಪ್ಪಾ" ಎನ್ನಿ. ಆಮೇಲೆ ಬಿಸ್ಮಿಲ್ಲಾಹ್ ಹೇಳಿ ಹೊರಡಿ. ನಿಕಾಹ್‌ನ ಮನೆ ಮುಟ್ಟಿದ ಕೂಡಲೇ "ಸುಖವಾಗಿ ಬಂದೆವು, ಅಮ್ಮೀ" ಎಂದು ಊರಿಗೆ ಒಂದು ಫೋನ್ ಮಾಡಲು ಮರೆಯಬೇಡಿ. ಆ ಒಂದು ಮಾತಿಗಾಗಿ ಮನೆಯಲ್ಲಿ ಒಬ್ಬರು ಯಾವಾಗಲೂ ಕಾಯುತ್ತಿರುತ್ತಾರೆ.